ಕಾಲಿಗೆ ಹಿಡಿಯದ ಬೂಟಿಗೆ ಬೆನ್ನುಪಟ್ಟಿ

ನನ್ನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ದಪ್ಪ. ಹುಟ್ಟಿನಿಂದ ಬಂದದ್ದಲ್ಲ. 2021ರ ಕಾರ್ತಿಕದಲ್ಲಿ ಕಡಲೆಕಾಯಿ ಕೀಳುವಾಗ ಕೊಳಕುಮಂಡಲ ಕೊಟ್ಟ ಉಡುಗೊರೆ. ಜೀವ ಉಳಿಯಿತು, ಊತ ಪೂರ್ತಿ ಇಳಿಯಲಿಲ್ಲ.

ವೈ.ಎನ್.ಹೊಸಕೋಟೆ ಅಂದರೆ ಹೊರಗಿನವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ. ಮಗ್ಗದ ಸದ್ದು ದಾಟಿ ಹೊಲಕ್ಕೆ ಬಂದರೆ ಕಡಲೆಕಾಯಿ, ಕಲ್ಲುಗುಡ್ಡ, ಬದುವಿನ ಪೊದೆ. ಇಲಿ ಇರುವಲ್ಲಿ ಹಾವು. ಕೊಳಕುಮಂಡಲದ ಜೊತೆ ಗೇಣುದ್ದದ ಗರಗಸ ಮಂಡಲವೂ ಉಂಟು. ನಾವೋ, ಬರಿಗಾಲು ಇಲ್ಲವೆ ಹವಾಯಿ ಚಪ್ಪಲಿ. ದೇಶದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು 2020ರಲ್ಲಿ ಪ್ರಕಟವಾದ ಅಂದಾಜು. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಲೆಕ್ಕ ಸಿಗುತ್ತದೆ, ಒಳ್ಳೆಯದೇ. ಕಾಲು ಮುಚ್ಚಿಕೊಳ್ಳುವ ಕೆಲಸ ಮಾತ್ರ ನಮ್ಮದು.

ಮೊದಲು ಗಂಬೂಟು ತಂದೆ. ನಮ್ಮ ಬಿಸಿಲಿಗೆ ಒಳಗೆಲ್ಲ ಬೆವರು. ಮಧ್ಯಾಹ್ನ ಬಿಚ್ಚಿದರೆ ಪಾದ ನೀರಲ್ಲಿ ನೆಂದ ಹಾಗೆ. ಅಷ್ಟರಲ್ಲಿ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಿಂದ ನಿವೃತ್ತರಾದ ನೆಂಟರೊಬ್ಬರು ತಮ್ಮ ಹಳೇ ಬೂಟಿನ ಜೋಡಿ ಕೊಟ್ಟರು. ಮೊಣಕಾಲುದ್ದದ ಕರೀ ಚರ್ಮದ್ದು. ಕುದುರೆ ಮೇಲೆ ಕೂತಾಗ ರಿಕಾಪಿನ ಪಟ್ಟಿ ಕಾಲಿಗೆ ಉಜ್ಜಬಾರದು ಅಂತ ಇಷ್ಟು ಉದ್ದ, ಇಷ್ಟು ಬಿಗಿ. ಪಾದಕ್ಕೆ ಸರಿಹೋಯಿತು. ಎಡಗಾಲು ತಿಣುಕಿ ಒಳಗೆ ಹೋಯಿತು. ಬಲಗಾಲು ಅರ್ಧದಲ್ಲೇ ನಿಂತಿತು.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಚರ್ಮ ಸಡಿಲವಾಗಲಿ ಎಂದು ಬಲಗಾಲಿನ ಬೂಟಿನ ಬಾಯಿಗೆ ಬಿಸಿನೀರು ಸುರಿದು ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ತುದಿ ಹಪ್ಪಳದಂತೆ ಬಿರುಸು! ಬಿಸಿನೀರಿಗೆ ಚರ್ಮ ಹಿಗ್ಗುವುದಿಲ್ಲ, ಕುಗ್ಗುತ್ತದೆ.

ಊರಿನ ಚಮ್ಮಾರರ ಹತ್ತಿರ ಒಯ್ದೆ. ಎಪ್ಪತ್ತರ ಮೇಲಿನ ಹಿರಿಯರು. ಬೂಟು ತಿರುಗಿಸಿ ನೋಡಿ, "ಇದನ್ನ ಸಾರಿಗೆ ಹಾಕಿದ್ರೇನ್ರಿ?" ಎಂದರು. ಆಮೇಲೆ ಟೇಪು ಕೈಗೆತ್ತಿಕೊಂಡರು.

ಅಳತೆ ಸಂಜೆಯೇ ತೆಗೆಯಬೇಕು, ದಿನವಿಡೀ ನಿಂತ ಕಾಲು ತುಸು ಊದಿರುತ್ತದೆ. ನಿಂತುಕೊಂಡು, ಹೊಲಕ್ಕೆ ಹಾಕುವ ಪ್ಯಾಂಟಿನ ಮೇಲೇ ಅಳೆಯಬೇಕು. ಬೂಟಿನ ಒಳಸುತ್ತು 37 ಸೆಂಟಿಮೀಟರ್. ಪ್ಯಾಂಟು ಸೇರಿ ನನ್ನ ಎಡಗಾಲು 38.5, ಬಲಗಾಲು 43. ಎಡಕ್ಕೆ ಒಂದೂವರೆ ಬೇಕು, ಬಲಕ್ಕೆ ಆರು. "ಒಂದೂವರೆ ಎಳೆದ್ರೆ ಬರುತ್ತೆ. ಆರು ಎಳೆದ್ರೆ ಹರಿಯುತ್ತೆ. ಪಟ್ಟಿ ಕೊಡಲೇಬೇಕು."

ಎಡಗಾಲಿಗೆ ಬೆಣೆ

ಎಡಬೂಟಿನ ಒಳಭಾಗವನ್ನು ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ತೊಯ್ಯಬಾರದು, ಹದವಾಗಬೇಕು ಅಷ್ಟೆ. ಬಡಗಿಯಿಂದ ಕಾಲಿನ ಆಕಾರಕ್ಕೆ ಒಂದು ಮರದ ದಿಂಡು ಮಾಡಿಸಿ ಉದ್ದಕ್ಕೆ ಎರಡು ಸೀಳು ಮಾಡಿಸಿದ್ದೆ. ಅದನ್ನು ಒಳಗಿಟ್ಟು, ನಡುವೆ ಬೆಣೆ ಸಿಕ್ಕಿಸಿ ದಿನಕ್ಕೆರಡು ಪೆಟ್ಟು. ನೆರಳಲ್ಲೇ ನಾಲ್ಕು ದಿನ. ಎರಡು ಸೆಂಟಿಮೀಟರ್ ಹಿಗ್ಗಿಸಿದರು. ದಿಂಡು ತೆಗೆದ ಮೇಲೆ ಅರ್ಧ ವಾಪಸು ಹೋಗಿ ಒಂದೂವರೆ ಉಳಿಯಿತು.

ಬಲಗಾಲಿಗೆ ಪಟ್ಟಿ

ಎಲಾಸ್ಟಿಕ್ ಹಾಕಿದರೆ ಸಾಲದೇ ಎಂದು ಕೇಳಿದೆ. ಪೇಟೆಯಲ್ಲಿ ಹಾಗೇ ಮಾಡುತ್ತಾರೆ, ಹಾಕಲು ಬಿಚ್ಚಲು ಸಲೀಸು. ಆಮೇಲೆ ನನಗೇ ಹೊಳೆಯಿತು: ಕೊಳಕುಮಂಡಲದ ಹಲ್ಲು ಒಂದೂವರೆ ಸೆಂಟಿಮೀಟರ್ ತನಕ ಉದ್ದ. ಅದಕ್ಕೆ ಎಲಾಸ್ಟಿಕ್ ಯಾವ ಲೆಕ್ಕ? ಕುದುರೆ ಸವಾರನಿಗೆ ಸರಿ, ಕಡಲೆಕಾಯಿ ಹೊಲಕ್ಕೆ ಚರ್ಮವೇ ಆಗಬೇಕು.

ಹಿಂಬದಿಯ ಹೊಲಿಗೆಯನ್ನು ಮೇಲಿನಿಂದ ಬಿಚ್ಚುತ್ತ ಬಂದು, ಹಿಮ್ಮಡಿಯ ಗಟ್ಟಿಭಾಗಕ್ಕೆ ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿದರು. ಅದನ್ನು ಸಡಿಲಿಸಿದರೆ ಬೂಟು ಹಿಮ್ಮಡಿಯಲ್ಲಿ ಜಾರುತ್ತದಂತೆ. ಪಟ್ಟಿಯ ಅಗಲ ಆರಲ್ಲ, ಎಂಟು ಸೆಂಟಿಮೀಟರ್: ಎರಡೂ ಕಡೆ ಹೊಲಿಗೆಗೆ ಒಂದೊಂದು. ಮೀನಖಂಡದಲ್ಲಿ ಪೂರ್ತಿ ಅಗಲ, ಕೆಳಗೆ ಬರಬರುತ್ತ ಚೂಪು. ಅಂಚುಗಳನ್ನು ರಂಪಿಗೆಯಿಂದ ಹೆರೆದು ತೆಳು ಮಾಡಿದರು, ಇಲ್ಲದಿದ್ದರೆ ಜೋಡಿಸಿದಲ್ಲಿ ದಿಂಡು ಕಟ್ಟಿ ಕಾಲು ಉಜ್ಜುತ್ತದೆ. ಹಳೇ ತೂತುಗಳಲ್ಲಿ ಮತ್ತೆ ದಾರ ಹಾಕಲಿಲ್ಲ. ಅವು ಅಂಚೆಚೀಟಿಯ ಹಾಗೆ ಹರಿದುಬರುತ್ತವೆ. ಪಕ್ಕದಲ್ಲೇ ಹೊಸ ತೂತು, ಜೇನುಮೇಣ ಎಳೆದ ದಾರ, ಎರಡು ಸೂಜಿಯ ಹೊಲಿಗೆ.

ಪಟ್ಟಿಯ ಚರ್ಮ ಅವರಲ್ಲೇ ಇದ್ದ ಕಂದು ತುಂಡು, ತಂಗಡಿ ಚಕ್ಕೆಯಲ್ಲಿ ಹದ ಮಾಡಿದ್ದು. ನಮ್ಮ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ. ಒಂದು ಕಾಲಕ್ಕೆ ದಕ್ಷಿಣದ ಚರ್ಮ ಹದಗಾರಿಕೆ ನಿಂತದ್ದೇ ಅದರ ತೊಗಟೆ ಮೇಲೆ. ಈಗ ಕ್ರೋಮಿಯಂ ಉಪ್ಪಿನ ಹದವೇ ಹೆಚ್ಚು. ಕರೀ ಬೂಟಿಗೆ ಕಂದು ಪಟ್ಟಿಯೇ ಎಂದು ನಾನು ಮುಖ ಸಣ್ಣಗೆ ಮಾಡಿದೆ. ತುಕ್ಕು ಹಿಡಿದ ಮೊಳೆಗಳನ್ನು ಹುಳಿನೀರಲ್ಲಿ ನೆನೆಸಿಟ್ಟ ಡಬ್ಬಿಯೊಂದನ್ನು ತೆಗೆದು ಬಟ್ಟೆಯಿಂದ ಸವರಿದರು. ಕಣ್ಣೆದುರೇ ಕಂದು ಕಪ್ಪಾಯಿತು! ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಕರೀ ಬಣ್ಣ. ಕ್ರೋಮ್ ಚರ್ಮಕ್ಕೆ ಈ ಉಪಾಯ ನಡೆಯದು.

ಇನ್ನೊಂದು ತಿದ್ದುಪಡಿ ನನ್ನದೇ ಬೇಡಿಕೆ. ಕಡಲೆಕಾಯಿ ಕೀಳಲು ಕುಕ್ಕರಗಾಲಲ್ಲಿ ಕೂರಬೇಕು. ಕೂತರೆ ಬೂಟಿನ ಬಾಯಿ ಮೊಣಕಾಲ ಹಿಂದೆ ಒತ್ತುತ್ತಿತ್ತು. ಎರಡರಲ್ಲೂ ಮೇಲಿನ ಐದು ಸೆಂಟಿಮೀಟರ್ ಕತ್ತರಿಸಿಸಿದೆ. ಬಿಸಿನೀರಿಗೆ ಸುಟ್ಟ ಭಾಗವೂ ಅದರಲ್ಲೇ ಹೋಯಿತು. ಎಡಬೂಟಿನಿಂದ ಕತ್ತರಿಸಿದ ಚೂರು ಎರಡರ ಬಾಯಂಚಿಗೂ ಆಯಿತು. ಎಲ್ಲ ಸೇರಿ ಆರುನೂರು ರೂಪಾಯಿ ತೆಗೆದುಕೊಂಡರು.

ಪಾದವೇ ಹಿಡಿಯದ ಬೂಟಾದರೆ ಆಸೆ ಬಿಡಿ. ಮೇಲ್ಗಾಲನ್ನು ತಿದ್ದಬಹುದು, ಪಾದವನ್ನಲ್ಲ.

ಎರಡು ಸುಗ್ಗಿ ಕಳೆದಿದೆ. ಬೂಟನ್ನು ತಲೆಕೆಳಗಾಗಿ ಗೂಟಕ್ಕೆ ತೂಗುಹಾಕುತ್ತೇನೆ, ಹಾಕುವ ಮುಂಚೆ ಕೊಡವುತ್ತೇನೆ. ಒಮ್ಮೆ ಚೇಳು ಬಿತ್ತು. ತಿಂಗಳಿಗೊಮ್ಮೆ ಹೊಂಗೆ ಎಣ್ಣೆ ತೆಳ್ಳಗೆ. ಹೆಚ್ಚಾದರೆ ಚರ್ಮ ಮೆತ್ತಗಾಗಿ ಜೋಲುತ್ತದೆ. ಬೂಟಿದೆ ಎಂದು ಬಣವೆಗೆ ಬರಿಗೈ ಹಾಕುವಂತಿಲ್ಲ. ಅಕಸ್ಮಾತ್ ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಕಾಲು ಅಲ್ಲಾಡಿಸದೆ ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೇ ಹೋಗಬೇಕು. ನನ್ನ ಜೀವ ಉಳಿದದ್ದು ಆ ಔಷಧಿಯಿಂದಲೇ.

ಹೋದ ವರ್ಷ ಮನೆಯಾಕೆ ಕೇಳಿದಳು: "ಕಳೆ ತೆಗೆಯೋರು ನಾವು, ಬೂಟು ನಿಮಗಾ?" ಉತ್ತರ ಇರಲಿಲ್ಲ. ನನ್ನ ಹಳೇ ಗಂಬೂಟು ಕೊಟ್ಟೆ. ಅವಳ ಮೀನಖಂಡ 31 ಸೆಂಟಿಮೀಟರ್. ಬಾಯಿ ಬಾವಿಯ ಹಾಗೆ ತೆರೆದುಕೊಂಡು ಮಣ್ಣು, ಮುಳ್ಳು ಎಲ್ಲ ಒಳಗೆ. ಮಡಿಸಿ ಹೊಲಿಸಿದೆವು, ಸೂಜಿ ತೂತಿನಗುಂಟ ಹರಿಯಿತು. ಬಕಲಿನ ಪಟ್ಟಿ ಸುತ್ತಿ ಬಿಗಿದದ್ದು ತಕ್ಕಮಟ್ಟಿಗೆ ನಡೆಯಿತು. ಆದರೆ ಪಾದ ಎರಡು ಸೈಜು ದೊಡ್ಡದು, ಸಾಲಿನಲ್ಲಿ ಎಡವುತ್ತಾಳೆ. ಕೊನೆಗೆ ಅವಳನ್ನೇ ಕರೆದುಕೊಂಡು ಹೋದೆ. ಹಿರಿಯರು ಹಳೇ ಪೇಪರಿನ ಮೇಲೆ ಪಾದ ಇಡಿಸಿ ಪೆನ್ಸಿಲು ಎಳೆದುಕೊಂಡಿದ್ದಾರೆ. ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ, ಸೀರೆ ಎತ್ತಿ ಕಟ್ಟಿದರೂ ತೊಡಕಾಗದ ಹಾಗೆ. ಚರ್ಮ ತರಿಸಬೇಕು, ಹುಣ್ಣಿಮೆ ಕಳೆದು ಬನ್ನಿ ಅಂದಿದ್ದಾರೆ.