ಸಂಬಳ ಬಾಕಿ ಉಳಿಸಿಕೊಂಡ ತಂಡಕ್ಕೇ ಮಾಲೀಕರಾದ ಆಟಗಾರ: ಐಸ್ ಹಾಕಿ ದಿಗ್ಗಜ ಮಾರಿಯೋ ಲೆಮ್ಯೂ ಕಥೆ

ತಂಡ ದಿವಾಳಿಯಾದರೆ ಅದರ ಮಾಜಿ ಆಟಗಾರನಿಗೆ ಬರಬೇಕಾದ ಹಣದ ಗತಿ ಏನು? ಸಾಮಾನ್ಯವಾಗಿ ಸಾಲಗಾರರ ಸಾಲಿನಲ್ಲಿ ನಿಂತು, ಸಿಕ್ಕಷ್ಟು ಪಡೆದು ಸುಮ್ಮನಾಗಬೇಕು. ಆದರೆ ಕೆನಡಾದ ಮಾರಿಯೋ ಲೆಮ್ಯೂ ಬಾಕಿ ಹಣವನ್ನೇ ಬಂಡವಾಳ ಮಾಡಿಕೊಂಡು ತಂಡವನ್ನು ಉಳಿಸಿದರು. ಆಮೇಲೆ ಅದೇ ತಂಡದ ಪರ ಮತ್ತೆ ಆಡಿದರು.

ಕೊನೆಯ ತಂಡಕ್ಕೆ ಮೊದಲ ಆಯ್ಕೆ

ಲೆಮ್ಯೂ ಹುಟ್ಟಿದ್ದು 1965ರಲ್ಲಿ, ಮಾಂಟ್ರಿಯಲ್‌ನಲ್ಲಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಐಪಿಎಲ್ ರೀತಿಯ ಹರಾಜು ಇಲ್ಲ. ಯುವ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆಗ ಪಟ್ಟಿಯ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತಿತ್ತು. 1984ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಹೀಗೆ ಲೆಮ್ಯೂ ಅವರನ್ನು ಪಡೆಯಿತು. ಮೊದಲ ಪಂದ್ಯದಲ್ಲಿ, ಮೊದಲ ಹೊಡೆತದಲ್ಲೇ ಅವರು ಗೋಲು ಗಳಿಸಿದರು. 1991 ಮತ್ತು 1992ರಲ್ಲಿ ಪೆಂಗ್ವಿನ್ಸ್ ಸ್ಟಾನ್ಲಿ ಕಪ್ ಗೆದ್ದಿತು.

ಬೆನ್ನುನೋವು, ನಂತರ ಕ್ಯಾನ್ಸರ್

ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ 1990-91ರ ಋತುವಿನ ಮೊದಲ 50 ಪಂದ್ಯಗಳು ಅವರ ಕೈತಪ್ಪಿದ್ದವು. 1993ರ ಜನವರಿಯಲ್ಲಿ ದುಗ್ಧಗ್ರಂಥಿಗಳಿಗೆ ತಗಲುವ ಹಾಡ್ಜ್‌ಕಿನ್ಸ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮಾರ್ಚ್ 2ರಂದು ಕೊನೆಯ ರೇಡಿಯೇಷನ್ ಚಿಕಿತ್ಸೆ ಮುಗಿಸಿ, ಅದೇ ರಾತ್ರಿ ಫಿಲಡೆಲ್ಫಿಯಾದಲ್ಲಿ ಮೈದಾನಕ್ಕಿಳಿದು ಒಂದು ಗೋಲು ಹೊಡೆದರು. ಐಸ್ ಹಾಕಿಯಲ್ಲಿ ಗೋಲಿಗೂ, ಗೋಲಿಗೆ ನೆರವಾದ ಪಾಸ್‌ಗೂ ಆಟಗಾರನಿಗೆ ತಲಾ ಒಂದು ಅಂಕ. ಆ ಋತುವಿನಲ್ಲಿ 60 ಪಂದ್ಯಗಳನ್ನಷ್ಟೇ ಆಡಿದರೂ 160 ಅಂಕಗಳೊಂದಿಗೆ ಅವರೇ ಲೀಗ್‌ನಲ್ಲಿ ಮೊದಲಿಗರಾದರು. ದೇಹ ದಣಿದಿದ್ದರಿಂದ 1994-95ರ ಋತುವಿನಿಂದ ಪೂರ್ತಿ ದೂರ ಉಳಿದರು. 1997ರಲ್ಲಿ ನಿವೃತ್ತರಾದರು.

ಬಾಕಿ ಹಣವೇ ಬಂಡವಾಳ

ಸಂಬಳದ ಒಂದು ಭಾಗವನ್ನು ಮುಂದೆ ಕೊಡುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳುವುದು ಅಲ್ಲಿನ ವೃತ್ತಿಪರ ಕ್ರೀಡೆಯಲ್ಲಿ ರೂಢಿ. 1998ರಲ್ಲಿ ಪೆಂಗ್ವಿನ್ಸ್ ದಿವಾಳಿ ಅರ್ಜಿ ಹಾಕಿದಾಗ ಲೆಮ್ಯೂ ಅವರಿಗೆ ಹೀಗೆ ಸುಮಾರು 3.25 ಕೋಟಿ ಡಾಲರ್ ಬರಬೇಕಿತ್ತು. ಇಂಥ ಬಾಕಿಗೆ ಅಡಮಾನದ ರಕ್ಷಣೆ ಇರುವುದಿಲ್ಲ. ತಂಡ ಮುಚ್ಚಿದ್ದರೆ ಅಥವಾ ಬೇರೆ ನಗರಕ್ಕೆ ಹೋಗಿದ್ದರೆ ಹೆಚ್ಚಿನ ಹಣ ಮುಳುಗುವ ಅಪಾಯವಿತ್ತು. ಅವರು ಬಾಕಿಯ ದೊಡ್ಡ ಭಾಗವನ್ನು ಷೇರುಗಳಾಗಿ ಬದಲಿಸಿಕೊಂಡು, ಇತರ ಹೂಡಿಕೆದಾರರನ್ನು ಜೊತೆಗೂಡಿಸಿದರು. 1999ರಲ್ಲಿ ಕೋರ್ಟ್ ಒಪ್ಪಿಗೆಯೊಂದಿಗೆ ತಂಡ ಅವರ ಗುಂಪಿನ ಕೈಗೆ ಬಂತು.

ಮಾಲೀಕರೇ ಆಟಗಾರ

2000ರ ಡಿಸೆಂಬರ್ 27ರಂದು, 35ನೇ ವಯಸ್ಸಿನಲ್ಲಿ ಲೆಮ್ಯೂ ಮತ್ತೆ ಸ್ಕೇಟ್ಸ್ ಕಟ್ಟಿದರು. ಪಂದ್ಯ ಆರಂಭವಾಗಿ ಒಂದು ನಿಮಿಷ ಕಳೆಯುವ ಮೊದಲೇ ಗೋಲೊಂದಕ್ಕೆ ನೆರವಾದರು. 2002ರಲ್ಲಿ ಕೆನಡಾ ತಂಡದ ನಾಯಕರಾಗಿ ಒಲಿಂಪಿಕ್ ಚಿನ್ನ ಗೆದ್ದರು. ಹೃದಯ ಬಡಿತದ ಏರುಪೇರಿನ ತೊಂದರೆಯಿಂದ 2006ರ ಜನವರಿಯಲ್ಲಿ ಶಾಶ್ವತವಾಗಿ ನಿವೃತ್ತರಾದರು.

17 ಋತುಗಳಲ್ಲಿ ಅವರು ಆಡಿದ್ದು 915 ಪಂದ್ಯ, ಗಳಿಸಿದ್ದು 1,723 ಅಂಕ. ಒಂದು ಪಂದ್ಯವನ್ನೂ ಬಿಡದೆ ಆಡಿದ್ದರೆ ಸಂಖ್ಯೆ 1,300 ದಾಟುತ್ತಿತ್ತು. ಆ ವ್ಯತ್ಯಾಸವೆಲ್ಲ ಬಹುಮಟ್ಟಿಗೆ ಗಾಯ ಮತ್ತು ಕಾಯಿಲೆಯ ಲೆಕ್ಕ. ಮಾಲೀಕರಾಗಿ ಮಾತ್ರ ಅವರು 2009, 2016 ಮತ್ತು 2017ರಲ್ಲಿ ಇನ್ನೂ ಮೂರು ಸ್ಟಾನ್ಲಿ ಕಪ್ ಕಂಡರು. ಪೆಂಗ್ವಿನ್ಸ್ ಇಂದಿಗೂ ಪಿಟ್ಸ್‌ಬರ್ಗ್‌ನಲ್ಲೇ ಇದೆ.