ಉಕ್ಕಿನ ಗುಂಡಿನ ಬೆನ್ನು ಹತ್ತಿ

ಅದು 1976ನೇ ಇಸವಿ. ನ್ಯೂಯಾರ್ಕ್ ನಗರಸಭೆಯ ಸಮಿತಿಯ ಎದುರು ಒಂದು ಪಿನ್‌ಬಾಲ್ ಯಂತ್ರ. ರೋಜರ್ ಶಾರ್ಪ್ ಎಂಬ ಯುವಕ ಸ್ಪ್ರಿಂಗಿನ ಹಿಡಿ ಎಳೆಯುವ ಮೊದಲೇ, ಗುಂಡು ನಡುವಿನ ಓಣಿಯಲ್ಲೇ ಇಳಿಯುತ್ತದೆ ಎಂದು ಹೇಳಿದ. ಹಾಗೆಯೇ ಇಳಿಯಿತು! 1942ರಲ್ಲಿ ಹೇರಿದ್ದ ನಿಷೇಧ ತೊಲಗಿತು.

ಆ ನಿಷೇಧ ಪೂರ್ತಿ ಮೂರ್ಖತನವೇನಲ್ಲ. ಆಗಿನ ಯಂತ್ರಗಳಲ್ಲಿ ಗುಂಡನ್ನು ಮೇಲಕ್ಕೆ ಬಡಿಯುವ 'ಫ್ಲಿಪ್ಪರ್' ಎಂಬ ಪುಟ್ಟ ತೋಳುಗಳೇ ಇರಲಿಲ್ಲ. ಅವು ಬಂದದ್ದು 1947ರಲ್ಲಿ. ಅಲ್ಲಿಯವರೆಗೆ ಅದು ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಉರುಳಿಸುವ ಆಟ, ಬಹುಪಾಲು ಅದೃಷ್ಟ. ಮಕ್ಕಳ ಊಟದ ಕಾಸು ಅದರಲ್ಲಿ ಕರಗುತ್ತದೆಂದು ಹಿರಿಯರು ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ.

1992ರಲ್ಲಿ ಬಂದ 'ಆಡಮ್ಸ್ ಫ್ಯಾಮಿಲಿ' ಯಂತ್ರವನ್ನು ನೋಡಿದರೆ ಆಟ ಎಷ್ಟು ದೂರ ಸಾಗಿದೆಯೆಂದು ತಿಳಿಯುತ್ತದೆ. ಪ್ಯಾಟ್ ಲಾಲರ್ ರೂಪಿಸಿದ ಇದು 20,000ಕ್ಕೂ ಹೆಚ್ಚು ಮಾರಾಟವಾಯಿತು. ಕಥಾವಸ್ತು, ವಿಚಿತ್ರ ಕುಟುಂಬವೊಂದರ ಭೂತಬಂಗಲೆ. ಆ ವರ್ಷಕ್ಕೆ ಮುಂಚೆ ತೆರೆಕಂಡ ಚಲನಚಿತ್ರದ ನಟ ರೌಲ್ ಜೂಲಿಯಾ, ನಟಿ ಆಂಜೆಲಿಕಾ ಹ್ಯೂಸ್ಟನ್ ಅವರೇ ಯಂತ್ರಕ್ಕೂ ದನಿ ಕೊಟ್ಟರು. ಪೆಟ್ಟಿಗೆಯೊಳಗಿನಿಂದ ಒಂದು ಕೈ ಮೇಲೆದ್ದು ಗುಂಡನ್ನು ಎತ್ತಿಕೊಂಡು ಮರೆಯಾಗುತ್ತದೆ! ಮಾಟವೇನೂ ಇಲ್ಲ, ವಿದ್ಯುತ್ಕಾಂತ. ಹಲಗೆಯ ಅಡಿಯಲ್ಲೂ ಕಾಂತಗಳಿದ್ದು, ಕೆಲವು ಘಟ್ಟಗಳಲ್ಲಿ ಗುಂಡಿನ ದಾರಿಯನ್ನೇ ತಪ್ಪಿಸುತ್ತವೆ.

ಹಲಗೆಯ ಇಳಿಜಾರು ಸುಮಾರು ಆರೂವರೆ ಡಿಗ್ರಿ. ಘರ್ಷಣೆಯ ನಷ್ಟ ಬಿಟ್ಟು ಲೆಕ್ಕ ಹಾಕಿದರೆ, ಉರುಳುವ ಗುಂಡಿನ ವೇಗೋತ್ಕರ್ಷ ನೇರ ಬೀಳುವ ಗುಂಡಿನದರ ಹನ್ನೆರಡನೇ ಒಂದು ಪಾಲು. ಪಿಯುಸಿ ವಿದ್ಯಾರ್ಥಿಗಳು ಮಾಡಿ ನೋಡಬಹುದು. ಉರುಳುವ ಗೋಳಕ್ಕೆ ಐದು-ಏಳಾಂಶ ಗುಣಿಸುವುದನ್ನು ಮರೆಯಬಾರದು ಅಷ್ಟೆ.

ಹೊಸಬರು ಗುಂಡು ಕಂಡೊಡನೆ ಎರಡೂ ಗುಂಡಿಗಳನ್ನು ಒತ್ತುತ್ತಾರೆ. ಬಲ್ಲವರು ಫ್ಲಿಪ್ಪರನ್ನು ಎತ್ತಿ ಹಿಡಿದು, ಅದರ ಬುಡದಲ್ಲಿ ಗುಂಡನ್ನು ನಿಲ್ಲಿಸಿ, ಯೋಚಿಸಿ ಬಿಡುತ್ತಾರೆ. ಬುಡದ ಬಳಿ ಬಡಿದರೆ ಗುಂಡು ತನ್ನ ಮಗ್ಗುಲಿಗೇ ಏರುತ್ತದೆ. ತುದಿಯಲ್ಲಿ ಬಡಿದರೆ ಎದುರು ಮಗ್ಗುಲಿಗೆ. ಕೋಪದಿಂದ ಯಂತ್ರವನ್ನು ಅಲುಗಾಡಿಸಿದರೋ, ಒಳಗೆ ತೂಗುಬಿಟ್ಟ ಲೋಲಕ ಸುತ್ತಲಿನ ಉಂಗುರಕ್ಕೆ ತಾಗಿ, ಆ ಗುಂಡಿನ ಆಟವೇ ಮುಗಿಯುತ್ತದೆ.

ಇನ್ನು ತಂತ್ರ. ವಿದ್ಯುತ್ ಕುರ್ಚಿಗೆ ಹೊಡೆದರೆ ಬಂಗಲೆಯ ಒಂದು ಕೋಣೆ ಗೆದ್ದಂತೆ. ಮತ್ತೆ ಕುರ್ಚಿಯ ದೀಪ ಹೊತ್ತಬೇಕಾದರೆ ನಡುವಿನ ಏರುದಾರಿಗೆ ಹೊಡೆಯಬೇಕು. ಹೀಗೆ ಹನ್ನೆರಡೂ ಕೋಣೆ. ಅಥವಾ ಪುಸ್ತಕದ ಕಪಾಟಿಗೆ ಗುರಿಯಿಟ್ಟು, ಅದು ತಿರುಗಿದಾಗ ಹಿಂದಿನ ಖಜಾನೆಗೆ ಗುಂಡು ಸೇರಿಸುತ್ತ ಹೋದರೆ, ಒಮ್ಮೆಗೇ ಮೂರು ಗುಂಡುಗಳು ಹಲಗೆಗಿಳಿಯುತ್ತವೆ. ಯಾವುದು ಮೊದಲು? ಇಲ್ಲಿಯೇ ಆಟಗಾರರ ಸ್ವಭಾವ ಬಯಲಾಗುವುದು.

ಒಮ್ಮೊಮ್ಮೆ ಯಂತ್ರ ತಾನೇ ಒಂದು ಫ್ಲಿಪ್ಪರನ್ನು ಬಡಿದು ಗುರಿ ಸಾಧಿಸಲು ಹೊರಡುತ್ತದೆ. ತಪ್ಪಿದರೆ ಮುಂದಿನ ಸಲಕ್ಕೆ ಸಮಯವನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ. ಅದು ತಪ್ಪಿದಾಗ ಸುತ್ತ ನಿಂತ ಹುಡುಗರಿಗೆ ಆಗುವ ಸಂತೋಷ ಮಾತ್ರ ಹೇಳತೀರದು.