ವಯಸ್ಸು ಮುಚ್ಚಿಡಬೇಡಿ

ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಎಳೆಯ ಹುಡುಗಿಗೆ ಈ ಮರುಜನ್ಮ ಇನ್ನೂ ಕಷ್ಟ. ಯಾಕೆ? ತಿಳಿಯೋಣ.

ಮೈನೆರೆದಳು ಅಂದರೆ ಮೈ ಬಲಿಯಿತು ಅಂತಲ್ಲ. ಹದಿನೈದು ಹದಿನಾರರ ಹುಡುಗಿ ಇನ್ನೂ ಬೆಳೆಯುತ್ತಿರುತ್ತಾಳೆ. ಅವಳ ಸೊಂಟದ ಎಲುಬು ಪೂರ್ತಿ ಅಗಲವಾಗಿರುವುದಿಲ್ಲ. ಹೆರಿಗೆಯಲ್ಲಿ ಕೂಸಿನ ತಲೆ ಸಿಕ್ಕಿಕೊಳ್ಳಬಹುದು.

ಎರಡನೆಯದು ರಕ್ತ. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಕೆಳಗೆ ಇಳಿದರೆ ದೊಡ್ಡ ಅಪಾಯ. ತಾನೂ ಬೆಳೆಯಬೇಕು, ಹೊಟ್ಟೆಯ ಕೂಸೂ ಬೆಳೆಯಬೇಕು. ಇಬ್ಬರಿಗೂ ಸಾಲದೆ ರಕ್ತ ಕಡಿಮೆಯಾಗುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ಅಂಥವಳು ತಾಳಲಾರಳು.

ಮೂರನೆಯದು ಬಿ.ಪಿ. ಎಳೆ ವಯಸ್ಸಿನ ಬಸುರಿಯರಿಗೆ ಬಿ.ಪಿ. ಏರಿ ಫಿಟ್ಸ್ ಬರುವ ಭಯ ಹೆಚ್ಚು.

ಇದಕ್ಕೆಲ್ಲ ಚಿಕಿತ್ಸೆ ಇದೆ. ಆದರೆ ಒಂದು ತೊಡಕಿದೆ. ಅದೇ ಮುಚ್ಚಿಡುವುದು.

ಮದುವೆಗೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ಆಗಿರಬೇಕು. ಇದು ಕಾನೂನು. ಆದರೂ ಕರ್ನಾಟಕದಲ್ಲಿ 2019–21ರ ಸಮೀಕ್ಷೆ ಏನು ಹೇಳಿತು? 20ರಿಂದ 24 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಹೀಗೆ ಮದುವೆ ಮಾಡಿದ ಮನೆಯವರಿಗೆ ಕೇಸಿನ ಹೆದರಿಕೆ. ಹುಡುಗಿ ಬಸುರಿ ಆದರೆ ಆಶಾ ಕಾರ್ಯಕರ್ತೆಗೆ ಹೇಳುವುದಿಲ್ಲ. ಹೇಳಿದರೂ 16 ಅನ್ನುವ ಬದಲು 19 ಅಂತ ಬರೆಸುತ್ತಾರೆ.

ಆಗ ಏನಾಗುತ್ತದೆ? ಸಬ್ ಸೆಂಟರಿನ ನರ್ಸಮ್ಮನ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ. ರಕ್ತ, ಬಿ.ಪಿ. ನೋಡುವವರಿಲ್ಲ. ಕಬ್ಬಿಣದ ಮಾತ್ರೆ ಸಿಗುವುದಿಲ್ಲ. ನಡುರಾತ್ರಿ ನೋವು ಬಂದಾಗ ಎಲ್ಲರೂ ಓಡುತ್ತಾರೆ. ವಾಹನ ಬೇಕು, ರಕ್ತ ಬೇಕು, ಡಾಕ್ಟರು ಬೇಕು. ಮೊದಲೇ ಗೊತ್ತಿದ್ದರೆ ಎಲ್ಲ ಸಿದ್ಧ ಇರುತ್ತಿತ್ತು.

ಒಂದು ಸಾವು ಒಂದು ಮನೆಗೆ ನಿಲ್ಲುವುದಿಲ್ಲ. ಕೂಸು ತಬ್ಬಲಿ ಆಗುತ್ತದೆ. "ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ" ಅಂತ ಊರು ಮಾತಾಡುತ್ತದೆ. ತಡವಾಗಿ ಹೋದಳು ಅಂತ ಯಾರೂ ಹೇಳುವುದಿಲ್ಲ. ಮುಂದಿನ ಬಸುರಿ ಹೆದರಿ ಮನೆಯಲ್ಲೇ ಉಳಿಯುತ್ತಾಳೆ. ನರ್ಸಮ್ಮ, ಆಶಾ ಬಂದರೆ ಬಾಗಿಲು ಮುಚ್ಚುತ್ತದೆ. ಹೀಗೆ ಇಡೀ ಊರಿನ ಆರೋಗ್ಯ ಕೆಡುತ್ತದೆ.

ನಂಬಿ ಹೋದರೆ ಜೀವ ಉಳಿಯುತ್ತದೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018–20ಕ್ಕೆ ಅದು 69ಕ್ಕೆ ಇಳಿಯಿತು. ಹೆಚ್ಚು ಜನ ಆಸ್ಪತ್ರೆಯಲ್ಲಿ ಹೆತ್ತರು. 2008ರಲ್ಲಿ 108 ವಾಹನ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಆಪರೇಷನ್ನಿಗೆ ದುಡ್ಡು ಕೊಡಬೇಕಿಲ್ಲ.

ನಾವು ಏನು ಮಾಡೋಣ?

ಹುಡುಗಿಯನ್ನು ಶಾಲೆ ಬಿಡಿಸುವುದು ಬೇಡ. ಎಳೆಯವಳ ಮದುವೆ ಗೊತ್ತಾದರೆ 1098ಕ್ಕೆ ಫೋನ್ ಮಾಡೋಣ. ಈ ಕರೆಗೆ ದುಡ್ಡಿಲ್ಲ.

ಮದುವೆ ಆಗಿಹೋಗಿದ್ದರೆ ಬಸುರು ಮುಂದಕ್ಕೆ ಹಾಕಲು ನರ್ಸಮ್ಮನನ್ನು ಕೇಳೋಣ.

ಬಸುರಿ ಆಗಿದ್ದರೆ ಮೂರು ತಿಂಗಳ ಒಳಗೇ ಹೆಸರು ಬರೆಸೋಣ. ನಿಜವಾದ ವಯಸ್ಸನ್ನೇ ಹೇಳೋಣ. ಕೇಸಿಗೆ ಹೆದರಿ ಮನೆಯಲ್ಲಿ ಇಟ್ಟುಕೊಂಡರೆ ಜೀವಕ್ಕೇ ಕುತ್ತು.

ತಲೆ ಸಿಡಿತ, ಕಣ್ಣು ಮಂಜು, ಮುಖ ಕೈ ಊತ, ಫಿಟ್ಸ್, ರಕ್ತ ಹೋಗುವುದು, ಜ್ವರ. ಇವುಗಳಲ್ಲಿ ಒಂದು ಕಂಡರೂ ಕೂಡಲೇ 108 ಕರೆಯೋಣ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಮಗೆ ಓದು ಬರುತ್ತದೆ. ಮನೆಯ ಬಸುರಿಯ ತಾಯಿ ಕಾರ್ಡ್ ಕೈಗೆ ತೆಗೆದುಕೊಳ್ಳಿ. ವಯಸ್ಸು ಎಷ್ಟು ಬರೆದಿದೆ? ರಕ್ತ ಎಷ್ಟಿದೆ? ಹೆರಿಗೆ ಯಾವಾಗ? ಜೋರಾಗಿ ಓದಿ. ಮನೆಯವರೆಲ್ಲ ಕೇಳಲಿ.